ಡಯಾಲಿಸಿಸ್‌ಗೆ ಹೋಗುವ ಹೃದ್ರೋಗಿಗೆ ವಾಚ್ ಬೇಕಾ?

ನಿಮ್ಮ ತಂದೆಗೆ ಸ್ಟೆಂಟ್ ಹಾಕಿದೆ, ವಾರಕ್ಕೆ ಮೂರು ಸಲ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಡಯಾಲಿಸಿಸ್‌ಗೆ ಬರುತ್ತೀರಿ. ಹೃದಯದ ಮೇಲೆ ಕಣ್ಣಿಡೋಕೆ ಇಸಿಜಿ ವಾಚ್ ತಗೊಳ್ಳಲಾ ಎಂದು ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ನಮ್ಮ ಅಪ್ಪಯ್ಯನನ್ನು ಹೊಸನಗರದಿಂದ ಐದು ವರ್ಷ ಹೀಗೇ ಕರೆದುಕೊಂಡು ಓಡಾಡಿದವನು. ವಾಚ್ ಆಮೇಲೆ ನೋಡಿ. ಮೊದಲು ತೂಕದ ಮೆಷಿನ್ ತನ್ನಿ.

ಮೂತ್ರ ಸರಿಯಾಗಿ ಹೋಗದವರಿಗೆ ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ. ಒಂದು ಲೀಟರ್ ಅಂದರೆ ಒಂದು ಕೆಜಿ. ಮೊದಲೇ ಸೋತ ಹೃದಯಕ್ಕೆ ಅದು ಹೊರೆ. ಜಾಸ್ತಿ ತೂಕ ಏರಿಸಿಕೊಂಡು ಹೋದರೆ ನಾಲ್ಕು ಗಂಟೆಯಲ್ಲಿ ಅಷ್ಟೂ ನೀರು ತೆಗೆಯಬೇಕು, ಆಗ ಬಿಪಿ ದಿಢೀರನೆ ಬೀಳುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ತೂಕ ಬರೆದಿಡಿ. ನಮ್ಮನೆಯಲ್ಲಿ ಕಳ್ಳ ಯಾರು ಗೊತ್ತಾ? ಅಪ್ಪೆಮಿಡಿ ಉಪ್ಪಿನಕಾಯಿ. ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ವಾ!

ಇನ್ನೊಂದು ಪೊಟ್ಯಾಶಿಯಂ, ಹಣ್ಣುಹಂಪಲಲ್ಲಿ ಇರುವ ಲವಣ. ಕಿಡ್ನಿ ಸೋತವರಿಗೆ ಅದು ರಕ್ತದಲ್ಲೇ ಉಳಿದು ಹೃದಯದ ಲಯ ಕೆಡಿಸುತ್ತದೆ. ಸೋಮ, ಬುಧ, ಶುಕ್ರ ಡಯಾಲಿಸಿಸ್ ಇದ್ದವರಿಗೆ ಶುಕ್ರವಾರದಿಂದ ಸೋಮವಾರದವರೆಗಿನ ಅಂತರವೇ ಉದ್ದ. ಹೃದಯಕ್ಕೆ ಅಪಾಯ ಹೆಚ್ಚುವುದೂ ಆ ಅಂತರದ ಕೊನೆಯಲ್ಲೇ. ಹಲಸಿನ ಕಾಲದ ಒಂದು ಭಾನುವಾರ ಅಪ್ಪಯ್ಯ ಯಾರೂ ಇಲ್ಲದಾಗ ಸುಮ್ನೆ ಕೂತು ಹತ್ತಿಪ್ಪತ್ತು ತೊಳೆ ತಿಂದಿದ್ದರು. ಸೋಮವಾರ ಬೆಳಿಗ್ಗೆ ಕಾಲೇ ಎತ್ತಲಾಗಲಿಲ್ಲ, ನಾಡಿ ನಿಧಾನ. ಇಸಿಜಿ ನೋಡಿದವರೇ ಬೇರೆ ಮಾತಿಲ್ಲದೆ ಡಯಾಲಿಸಿಸ್‌ಗೆ ಹಾಕಿದರು. ಎಳನೀರು, ಬಾಳೆಹಣ್ಣಿನದೂ ಅದೇ ಕತೆ. ದಾರೆಹುಳಿಯಂತೂ (ಸ್ಟಾರ್ ಫ್ರೂಟ್) ಮುಟ್ಟಲೇಬಾರದು, ಅದು ಕಿಡ್ನಿ ರೋಗಿಗಳಿಗೆ ವಿಷ.

ವಾಚ್ ನಾಡಿ ಎಣಿಸುತ್ತದೆ, ಲಯ ತಪ್ಪಿದ್ದನ್ನು ಕೆಲವೊಮ್ಮೆ ಹಿಡಿಯುತ್ತದೆ. ಆದರೆ ನೀರೂ ಪೊಟ್ಯಾಶಿಯಮ್ಮೂ ಅದಕ್ಕೆ ತಿಳಿಯುವುದಿಲ್ಲ. ತಗೊಂಡರೂ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರುವ ಕೈಗೆ ಕಟ್ಟಬೇಡಿ. ಆ ಕೈಯಲ್ಲಿ ಬಿಪಿಯನ್ನೂ ನೋಡಬಾರದು.

ಡಯಾಲಿಸಿಸ್ ಮೆಷಿನ್ ಹೃದಯವನ್ನೂ ನೋಡಿಕೊಳ್ಳುತ್ತದೆ ಎಂದು ನಾನೂ ನಂಬಿದ್ದೆ. ಅದು ಮುಖ್ಯವಾಗಿ ರಕ್ತದ ಪೈಪುಗಳ ಒತ್ತಡ, ತೆಗೆದ ನೀರು ಇಂಥದ್ದನ್ನು ನೋಡುತ್ತದೆ. ಹೃದಯದ ಲಯಕ್ಕೆ ಎದೆಗೆ ತಂತಿ ಅಂಟಿಸುವ ಬೇರೆ ಮಾನಿಟರ್ ಬೇಕು. ನಾವು ಹೋಗುತ್ತಿದ್ದ ಕಡೆ ಅದು ಇದ್ದದ್ದು ಎರಡೇ ಹಾಸಿಗೆಗೆ, ಕೇಳಿದ ಮೇಲೆ ಕೊಟ್ಟರು. ನೀವೂ ಕೇಳಿ. ಡಯಾಲಿಸಿಸ್ ದಿನ ಬೆಳಿಗ್ಗೆ ಬಿಪಿ ಮಾತ್ರೆ ಕೊಡಬೇಕೋ ಬೇಡವೋ ಅನ್ನುವುದನ್ನೂ ಡಾಕ್ಟರ್ ಹತ್ತಿರವೇ ಕೇಳಿ.

ಎದೆನೋವು, ಮಲಗಿದರೆ ಉಸಿರು ಕಟ್ಟುವುದು, ತಲೆಸುತ್ತಿ ಬೀಳುವುದು ಕಂಡರೆ ಮುಂದಿನ ಸರದಿಗೆ ಕಾಯದೆ ಹೊರಡಿ. ಚೆನ್ನಾಗಿದ್ದಾಗ ತೆಗೆಸಿದ ಇಸಿಜಿ, ಟ್ರೊಪೋನಿನ್ (ಹೃದಯಕ್ಕೆ ಪೆಟ್ಟಾಗಿದೆಯಾ ಎಂದು ನೋಡುವ ರಕ್ತಪರೀಕ್ಷೆ) ರಿಪೋರ್ಟ್ ಜೊತೆಗಿರಲಿ. ಕಿಡ್ನಿ ರೋಗಿಗಳಲ್ಲಿ ಟ್ರೊಪೋನಿನ್ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ, ಹಳೆಯದಿದ್ದರೆ ಹೋಲಿಸಿ ನೋಡಬಹುದು. ನಮ್ಮ ಕಡೆ ಮಳೆ ಗೊತ್ತಲ್ಲ, ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಡಿ.