ಸಾಮಾಜಿಕ ನ್ಯಾಯಕ್ಕಾಗಿ ದುಡಿದ ನಮ್ಮ ಕ್ಯಾಥೊಲಿಕ್ ಶಾಲೆಯ ಮಿಸ್ ನಿವೃತ್ತರಾಗಿದ್ದಾರೆ. ಹಾಲ್ ಹಿಡಿದು ಸನ್ಮಾನ ಮಾಡುವುದೋ, ಅವರ ಹೆಸರಲ್ಲಿ ದತ್ತಿ ಬಹುಮಾನ ಇಡುವುದೋ?

ಎರಡೂ ಈಗಲೇ ಬೇಡ. ಮೊದಲು ಮಿಸ್‌ಗೆ ಗ್ರಾಚ್ಯುಟಿ, ಅಂದರೆ ನಿವೃತ್ತಿಯಾದಾಗ ಶಾಲೆ ಕೊಡಬೇಕಾದ ಇಡುಗಂಟು, ಬಂದಿದೆಯಾ ಅಂತ ವಿಚಾರಿಸಿ.

ಒರಟು ಮಾತು ಅನ್ನಿಸಬಹುದು. ನಾವೂ ನಿಮ್ಮ ಹಾಗೇ ವಾಟ್ಸಾಪ್ ಗ್ರೂಪ್ ಮಾಡಿ, ದುಡ್ಡು ಎತ್ತಿ, ಲಿಂಗರಾಜಪುರದ ಕಡೆ ಹಾಲ್ ಹಿಡಿದು, ಶಾಲು ಹೊದಿಸಿ ಬಂದವರೇ.

ನಮ್ಮದು ಅನುದಾನ ಇಲ್ಲದ ಶಾಲೆ. ನಮ್ಮ ಮಿಸ್ ಗಣಿತ ತೆಗೆದುಕೊಳ್ಳುತ್ತಿದ್ದರು. ಸಿಸ್ಟರ್ ಅಲ್ಲ, ಟಿಫನ್ ಬ್ಯಾಗ್ ಹಿಡಿದು ಬಿಎಂಟಿಸಿ ಬಸ್ಸಲ್ಲಿ ಬರುತ್ತಿದ್ದ ಸಂಸಾರಸ್ಥೆ. ಎಂಟನೇ ಕ್ಲಾಸಲ್ಲಿ ಒಂದು ಹೋಮ್‌ವರ್ಕ್ ಕೊಟ್ಟಿದ್ದರು. ನಿಮ್ಮ ಮನೆಗೆಲಸದ ಅಕ್ಕ ತಿಂಗಳಿಗೆ ಎಷ್ಟು ಗಂಟೆ ದುಡಿಯುತ್ತಾರೆ, ಎಷ್ಟು ಕೊಡುತ್ತೀರಿ, ಗಂಟೆಗೆ ಎಷ್ಟು ಬಿತ್ತು, ಭಾಗಿಸಿ ತನ್ನಿ. ಕೆಳಗೆ ಸರ್ಕಾರದ ಕನಿಷ್ಠ ಕೂಲಿಯನ್ನೂ ಬರೆಯಬೇಕು. ಕರ್ನಾಟಕದಲ್ಲಿ ಮನೆಗೆಲಸಕ್ಕೂ 2004ರಲ್ಲೇ ಕನಿಷ್ಠ ವೇತನ ಗೊತ್ತುಮಾಡಿದ್ದಾರೆ, ಎಷ್ಟು ಮನೆಯವರಿಗೆ ಗೊತ್ತು ಹೇಳಿ. ನಮ್ಮಮ್ಮ ನೋಟ್‌ಬುಕ್ ನೋಡಿ ಸಿಟ್ಟಾಗಿ ಶಾಲೆಗೇ ಹೋಗಿದ್ದರು. ಮುಂದಿನ ತಿಂಗಳು ಅಕ್ಕನ ಸಂಬಳವೂ ಜಾಸ್ತಿ ಆಯಿತು ಅನ್ನಿ.

ಸಂಜೆ ಹೊತ್ತು ಮಿಸ್ ಕೊಳೆಗೇರಿ ಹೆಂಗಸರಿಗೆ ರೇಷನ್ ಕಾರ್ಡಿನ ಅರ್ಜಿ ತುಂಬಿಕೊಡುತ್ತಿದ್ದರು. 2013ರ ಜನವರಿಯಲ್ಲಿ ಈಜಿಪುರದ ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದವರ) ಕ್ವಾರ್ಟರ್ಸ್ ಜಾಗದಲ್ಲಿದ್ದ ಶೆಡ್‌ಗಳನ್ನು ಕೆಡವಿದಾಗ ಆ ಚಳಿಯಲ್ಲಿ ಕಂಬಳಿ ಹೊತ್ತುಕೊಂಡು ಹೋದರು. ಊರವರ ಕೂಲಿ ಲೆಕ್ಕವೆಲ್ಲ ಅವರ ಬಾಯಲ್ಲೇ ಇತ್ತು. ತಮ್ಮದನ್ನು ಮಾತ್ರ ಯಾವತ್ತೂ ಕೇಳಲಿಲ್ಲ.

ಇನ್ನು ನಾನು ಕೆಡಿಸಿದ್ದು. ಸನ್ಮಾನಕ್ಕೆ ಅಂತ ಒಂದು ಪುಟ್ಟ ನೆನಪಿನ ಪುಸ್ತಕ ಮಾಡಿದೆವು. ಮುನ್ನುಡಿ ನನ್ನದು. ‘ಕೊನೆಯ ವರ್ಷಗಳಲ್ಲಂತೂ ಸಂಬಳದ ಹಂಗಿಲ್ಲದೆ, ಸೇವೆ ಎಂದೇ ದುಡಿದರು’ ಅಂತ ಒಂದು ಸಾಲು ಬರೆದೆ. ನಿಜ ಏನೆಂದರೆ, 58 ತುಂಬಿದ ಮೇಲೂ ಶಾಲೆಯವರು ಅವರನ್ನು ಉಳಿಸಿಕೊಂಡಿದ್ದರು. ದಿನಾ ಹಾಜರಿ, ಪೂರ್ತಿ ಪೀರಿಯಡ್‌ಗಳು, ಪರೀಕ್ಷೆ ಪೇಪರ್ ತಿದ್ದುವುದು, ಒಂದೂ ಕಮ್ಮಿ ಇರಲಿಲ್ಲ. ಸಂಬಳ ಮಾತ್ರ ವೋಚರ್ ಮೇಲೆ ಸಹಿ ಹಾಕಿಸಿಕೊಂಡು ಕೈಗೆ ಕೊಡುತ್ತಿದ್ದರು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಬರೆದೆ, ಯಾಕೆಂದರೆ ಸನ್ಮಾನ ಅಂದರೆ ಹಾಗೇ ಬರೆಯುವುದು ರೂಢಿ ಅಲ್ವಾ. ದುಡ್ಡಿನ ಮಾತು ಬಂದರೆ ಟೀಚರ್ ಸಣ್ಣವರಾಗಿಬಿಡುತ್ತಾರೆ ಅಂತ ನಮ್ಮೆಲ್ಲರ ತಲೆಯಲ್ಲೂ ಕೂತಿದೆ. ಫಾದರ್ ಭಾಷಣದಲ್ಲಿ ಅದೇ ಸಾಲನ್ನು ಓದಿದರು, ಚಪ್ಪಾಳೆ ಬಿತ್ತು.

ಆಮೇಲೆ ಫೋಟೊ ಆಲ್ಬಮ್ ಕೊಡಲು ಮನೆಗೆ ಹೋದರೆ ಮಿಸ್ ಬಾಡಿಗೆ ಕಟ್ಟಲಾಗದೆ ಮನೆ ಖಾಲಿ ಮಾಡುವ ಯೋಚನೆಯಲ್ಲಿದ್ದರು. ಗ್ರಾಚ್ಯುಟಿ ಬಂದೇ ಇರಲಿಲ್ಲ. ಒತ್ತಾಯ ಮಾಡಿ ಅರ್ಜಿ ಹಾಕಿಸಿ, ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ, ಅಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ, ಅಲೆದೆವು. ಆಡಳಿತ ಮಂಡಳಿಯ ವಕೀಲರು ತಂದಿಟ್ಟ ಫೈಲಲ್ಲಿ ನಮ್ಮ ಪುಸ್ತಕವೂ ಇತ್ತು! ನನ್ನ ಸಾಲಿಗೆ ಹಳದಿ ಹೈಲೈಟರ್ ಬಳಿದಿದ್ದರು. ಹಳೇ ವಿದ್ಯಾರ್ಥಿಗಳೇ ಬರೆದಿದ್ದಾರೆ ನೋಡಿ, ಅದು ಸೇವೆ, ನೌಕರಿ ಅಲ್ಲ ಅಂದರು. ವೋಚರ್‌ಗಳೆಲ್ಲ ಅವರ ಬೀರುವಲ್ಲೇ ಇದ್ದವು, ಹೊರಗೆ ಬರಲಿಲ್ಲ. ನಮ್ಮ ಹತ್ತಿರ ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಕೊನೆಗೆ ಮಿಸ್‌ಗೇ ಸಾಕಾಯಿತು. 58 ತುಂಬಿದ ಮೇಲಿನ ಆ ವರ್ಷಗಳನ್ನು ಬಿಟ್ಟುಕೊಟ್ಟು, ಮಿಕ್ಕಿದ್ದಕ್ಕೆ ರಾಜಿ ಮಾಡಿಕೊಂಡರು. ಹೋಗಲಿ ಬಿಡಪ್ಪ ಅಂದರು. ನನಗೆ ಬಿಡಲಾಗಿಲ್ಲ. ಬರೆಯುವ ಕೈ ಒಂದು ನಿಮಿಷ ನಿಂತಿದ್ದರೆ ಆ ಕಾಗದ ಅವರ ಫೈಲಲ್ಲಿ ಇರುತ್ತಿರಲಿಲ್ಲ.

ಕಾನೂನು ಏನೂ ಗೊಂದಲದ್ದಲ್ಲ. ಟೀಚರ್‌ಗಳು ಗ್ರಾಚ್ಯುಟಿ ಕಾಯ್ದೆಯಡಿ ಬರುವುದಿಲ್ಲ ಅಂತ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಕೆಲವು ಶಾಲೆಗಳವರು ಇವತ್ತಿಗೂ ಅದನ್ನೇ ಹೇಳುತ್ತಾರೆ. ಆದರೆ 2009ರಲ್ಲಿ ಸಂಸತ್ತು ಕಾಯ್ದೆ ತಿದ್ದಿ, 1997ರ ಏಪ್ರಿಲ್ 3ರಿಂದಲೇ ಟೀಚರ್‌ಗಳನ್ನು ಸೇರಿಸಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಲೆಕ್ಕ ಸುಲಭ: ತಿಂಗಳಿಗೆ 26 ದಿನ ಅಂತ ಹಿಡಿದು, ದುಡಿದ ವರ್ಷಕ್ಕೆ 15 ದಿನದ ಸಂಬಳ. ಕೊನೆಯ ಮೂಲ ವೇತನ, ತುಟ್ಟಿಭತ್ಯೆ ಸೇರಿ 26,000 ರೂಪಾಯಿ ಇದ್ದರೆ ವರ್ಷಕ್ಕೆ 15,000. 30 ವರ್ಷಕ್ಕೆ ನಾಲ್ಕೂವರೆ ಲಕ್ಷ. ನೀವು ಹಾಲ್, ಊಟ, ಫ್ಲೆಕ್ಸ್ ಅಂತ ಎತ್ತುವ ದುಡ್ಡು ಇದರ ಮುಂದೆ ಎಷ್ಟರದ್ದು?

ಚರ್ಚಿನ ಸಂಸ್ಥೆ ಮೇಲೆ ದೂರು ಕೊಡುವುದಾ ಅಂತ ನಿಮ್ಮ ಗ್ರೂಪಲ್ಲೂ ಯಾರಾದರೂ ಎಳೆಯುತ್ತಾರೆ. ಅವರಿಗೆ ಹೇಳಿ, ದುಡಿದವರಿಗೆ ನ್ಯಾಯವಾದ ಕೂಲಿ ಸಿಗಬೇಕು ಅಂತ ಪೋಪ್ 13ನೇ ಲಿಯೋ 1891ರಲ್ಲೇ ಪತ್ರ ಹೊರಡಿಸಿದ್ದಾರೆ. ಇದನ್ನೂ ನಮಗೆ ಹೇಳಿದ್ದು ಮಿಸ್ಸೇ.

ದತ್ತಿ ಬಹುಮಾನ ನನಗೆ ಇಷ್ಟವಿಲ್ಲ. ವರ್ಷಕ್ಕೊಮ್ಮೆ ಹೆಚ್ಚು ಮಾರ್ಕ್ಸ್ ತೆಗೆದ ಹುಡುಗನಿಗೆ ಒಂದು ಕಪ್ ಕೊಡುತ್ತಾರೆ, ಅವನಿಗೆ ಮಿಸ್ ಯಾರು ಅಂತಲೂ ಗೊತ್ತಿರುವುದಿಲ್ಲ.

ಕಾರ್ಯಕ್ರಮ ಮಾಡಲೇಬೇಕು ಅಂತಿದ್ದರೆ ಶನಿವಾರ ಸಂಜೆ ಇಡಬೇಡಿ. ನಾವು ಇಟ್ಟಿದ್ದೆವು. ಮಿಸ್ ನೆರವಾಗಿದ್ದ ಮನೆಗೆಲಸದ ಹೆಂಗಸರಿಗೆ ಅದು ಎರಡನೇ ಪಾಳಿ, ಒಬ್ಬರೂ ಬರಲಾಗಲಿಲ್ಲ. ಮಿಸ್ ಸ್ಟೇಜ್ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದರು. ಭಾನುವಾರ ಮಧ್ಯಾಹ್ನ, ಆ ಹೆಂಗಸರ ಏರಿಯಾದಲ್ಲೇ ಶಾಮಿಯಾನ ಹಾಕಿಸಿ. ಮೈಕು ಅವರ ಕೈಗೆ ಕೊಡಿ, ಹಳೇ ವಿದ್ಯಾರ್ಥಿಗಳು ಬಿರಿಯಾನಿ ಬಡಿಸಲಿ.

ಅದಕ್ಕೂ ಮುಂಚೆ ಈ ವಾರವೇ ನಿಮ್ಮ ಮಿಸ್ ಮನೆಗೆ ಹೋಗಿ. ನೇಮಕದ ಪತ್ರ, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಹಳೇ ಟೈಮ್‌ಟೇಬಲ್, ಅವರ ಸಹಿ ಇರುವ ಪ್ರೋಗ್ರೆಸ್ ಕಾರ್ಡ್, ಸಿಕ್ಕಿದ್ದನ್ನೆಲ್ಲ ಝೆರಾಕ್ಸ್ ಮಾಡಿಸಿ. ನಿಮ್ಮ ಹತ್ತಿರ ಇರುವ ಪ್ರೋಗ್ರೆಸ್ ಕಾರ್ಡ್‌ಗಳೂ ಸಾಕ್ಷಿಯೇ, ಅಮ್ಮನ ಟ್ರಂಕ್ ಹುಡುಕಿ. ಪುಸ್ತಕ ದುಡ್ಡು ಬಂದ ಮೇಲೆ ಬರೆಯಿರಿ.