ಹಂದಿ ಕಾಣುತ್ತಿಲ್ಲವೇ? ಮೊದಲು ಕ್ಯಾಮೆರಾ ಬಿಚ್ಚಿ

ಪತ್ರ: ಟೆಕ್ಸಾಸಿನ ಓದುಗರೊಬ್ಬರು ಬರೆದಿದ್ದಾರೆ. ಪರಿಚಯದ ರೈತರ ಮೆಕ್ಕೆಜೋಳದ ಹೊಲಕ್ಕೆ ಹಂದಿಗಳು ನುಗ್ಗುತ್ತವಂತೆ. ಅವರು ಕರೆದಾಗ ಇವರು ಸಂಜೆ ಶಿಕಾರಿಗೆ ಹೋಗುತ್ತಾರೆ. ರೈಫಲ್ ಸ್ಕೋಪಿನ (ಗುರಿ ನೋಡುವ ದುರ್ಬೀನಿನ) ಹಿಂದೆ ಹೊಸದಾಗಿ ಕ್ಯಾಮೆರಾ ಕೂರಿಸಿದ್ದಾರೆ. ಈಗ ಮಬ್ಬುಗತ್ತಲಾದರೆ ವಿಡಿಯೊ ಮರಳು ಚೆಲ್ಲಿದ ಹಾಗೆ ಬರುತ್ತದೆ, ಕಣ್ಣಿಗೂ ಮೊದಲಿನಷ್ಟು ಕಾಣುವುದಿಲ್ಲ. ಇನ್‌ಫ್ರಾರೆಡ್ ಟಾರ್ಚ್ ಕೊಳ್ಳಲೇ? ಊರಿಗೆ ಬಂದಾಗ ತೋಟದ ಹಂದಿಗೂ ಇದು ಆಗುತ್ತಾ?

ಸಂಪಾದಕರ ಉತ್ತರ: ನಾನು ಕ್ಯಾಮೆರಾ ಹಿಡಿದವನು, ಕೋವಿ ಹಿಡಿದವನಲ್ಲ. ಆದರೆ ನಿಮ್ಮ ತೊಂದರೆ ಕೋವಿಯದಲ್ಲ, ಬೆಳಕಿನದು. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ.

ನಿಮ್ಮ ಕಣ್ಣು ಸುಳ್ಳು ಹೇಳುತ್ತಿಲ್ಲ. ಸ್ಕೋಪಿನ ಹಿಂದೆ ಕೂರುವ ಇಂಥ ಕ್ಯಾಮೆರಾದೊಳಗೆ ಬೆಳಕನ್ನು ಎರಡು ಪಾಲು ಮಾಡುವ ಗಾಜು ಇರುತ್ತದೆ. ಒಂದು ಪಾಲು ನಿಮಗೆ, ಇನ್ನೊಂದು ಕ್ಯಾಮೆರಾಕ್ಕೆ. ಮಧ್ಯಾಹ್ನ ಈ ಹಂಚಿಕೆ ಗೊತ್ತೇ ಆಗುವುದಿಲ್ಲ. ಸಂಜೆ ಬೆಳಕೇ ಕಡಿಮೆ, ಅದರಲ್ಲೂ ಪಾಲು ಕೊಡಬೇಕು. ಇಬ್ಬರಿಗೂ ಹೊಟ್ಟೆ ತುಂಬಲ್ಲ.

ನಿಮ್ಮದು 3-9×40 ಸ್ಕೋಪ್ ಎಂದಿದ್ದೀರಿ. ಅಂದರೆ ಝೂಮ್ 3ರಿಂದ 9 ಪಟ್ಟು, ಮುಂದಿನ ಗಾಜು 40 ಮಿ.ಮೀ. ಅಗಲ. 40ನ್ನು ಝೂಮಿನಿಂದ ಭಾಗಿಸಿ. 9ರಲ್ಲಿಟ್ಟರೆ ಹಿಂದಿನಿಂದ ಹೊರಬರುವ ಬೆಳಕಿನ ಚುಕ್ಕೆ ಸುಮಾರು 4.4 ಮಿ.ಮೀ., 6ರಲ್ಲಿ 6.7 ಮಿ.ಮೀ. ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ 7 ಮಿ.ಮೀ.ವರೆಗೂ ಅರಳುತ್ತದೆ, ದೊಡ್ಡ ಚುಕ್ಕೆಯ ಬೆಳಕನ್ನೂ ಒಳಗೆ ಬಿಡುತ್ತದೆ. ನಮ್ಮಂಥ ಐವತ್ತು ದಾಟಿದವರದು ಅಷ್ಟು ಅರಳುವುದಿಲ್ಲ, ಬಿಡಿ. ಅಂತೂ ಮುಸ್ಸಂಜೆಯಲ್ಲಿ ಝೂಮ್ 6ಕ್ಕೆ ಇಳಿಸಿ. ಹಂದಿ ಚಿಕ್ಕದಾಗಿ ಕಂಡರೂ ಹೆಚ್ಚು ಬೆಳಕಿನಲ್ಲಿ ಕಾಣುತ್ತದೆ. ವಿಡಿಯೊ ಸೆಕೆಂಡಿಗೆ 60 ಚಿತ್ರದಲ್ಲಿದ್ದರೆ 30ಕ್ಕೆ ತನ್ನಿ, ಒಂದೊಂದು ಚಿತ್ರಕ್ಕೂ ಎರಡು ಪಟ್ಟು ಹೊತ್ತು ಬೆಳಕು ಸಿಗಬಹುದು. ಓಡುವ ಹಂದಿ ಸ್ವಲ್ಪ ಕಲಸಿದಂತೆ ಬರುತ್ತದೆ, ಅಷ್ಟೇ.

ಟಾರ್ಚಿಗೆ ದುಡ್ಡು ಸುರಿಯಬೇಡಿ. ಸಾಮಾನ್ಯ ಕ್ಯಾಮೆರಾಗಳಲ್ಲಿ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಇರುತ್ತದೆ. ಟಾರ್ಚ್ ಉರಿದರೂ ಕ್ಯಾಮೆರಾಕ್ಕೆ ಕತ್ತಲೆಯೇ. ಕಣ್ಣಿಗಂತೂ ಆ ಬೆಳಕು ಕಾಣುವುದೇ ಇಲ್ಲ. ಅದು ಬೇಕಾಗುವುದು ಕತ್ತಲಲ್ಲಿ ನೋಡಲೆಂದೇ ಮಾಡಿದ ಡಿಜಿಟಲ್ ನೈಟ್ ವಿಷನ್ ಸ್ಕೋಪಿಗೆ. ಮೈಯ ಶಾಖವನ್ನೇ ಚಿತ್ರ ಮಾಡಿ ತೋರಿಸುವ ಥರ್ಮಲ್ ಸ್ಕೋಪ್ ಬೇರೆಯೇ ಲೋಕ. ಆ ಶಾಖ ಗಾಜನ್ನು ದಾಟುವುದಿಲ್ಲ, ಅದಕ್ಕೇ ಅದರ ಲೆನ್ಸನ್ನು ಜರ್ಮೇನಿಯಂನಂಥ ವಸ್ತುವಿನಲ್ಲಿ ಮಾಡುತ್ತಾರೆ. ರಾತ್ರಿ ಶಿಕಾರಿಯೇ ಜಾಸ್ತಿ ಎನ್ನುವುದಾದರೆ ತನ್ನೊಳಗೇ ವಿಡಿಯೊ ಹಿಡಿಯುವ ನೈಟ್ ವಿಷನ್ ಅಥವಾ ಥರ್ಮಲ್ ಸ್ಕೋಪ್ ನೋಡಿ.

ಇನ್ನೊಂದು ಮಾತು. ಕ್ಯಾಮೆರಾ ಕೂರಿಸಿದ ಮೇಲೆ ಹುಬ್ಬಿಗೂ ಸ್ಕೋಪಿಗೂ ಇದ್ದ ಅಂತರ ಕಡಿಮೆಯಾಗಿರುತ್ತದೆ. ಗುಂಡು ಹಾರಿ ರೈಫಲ್ ಹಿಂದಕ್ಕೆ ಒದ್ದಾಗ ಹುಬ್ಬು ಸೀಳೀತು. ಹಾಗೇ, ಪರದೆಯ ಮೇಲಿನ ಮಬ್ಬು ಕಪ್ಪು ಗುಡ್ಡೆಯನ್ನು ನಂಬಿ ಟ್ರಿಗರ್ ಒತ್ತಬೇಡಿ. ಅದು ಹಂದಿಯೋ ಕರುವೋ ರೈತನ ನಾಯಿಯೋ, ಬೈನಾಕ್ಯುಲರಿನಲ್ಲಿ ಮೊದಲು ನೋಡಿ. ಗೊತ್ತಾಗಲಿಲ್ಲವೇ, ಆವತ್ತಿಗೆ ಅಷ್ಟೇ. ನನ್ನನ್ನು ಕೇಳಿದರೆ, ಸೂರ್ಯ ಮುಳುಗಿದ ಮೇಲೆ ಆ ಕ್ಯಾಮೆರಾ ಚೀಲದಲ್ಲೇ ಇರಲಿ.

ಟೆಕ್ಸಾಸಿನಲ್ಲಿ ಹಂದಿ ಹೊರಗಿನಿಂದ ಬಂದ ಪ್ರಾಣಿ. ಜಮೀನಿನವರ ಒಪ್ಪಿಗೆ ಇದ್ದರೆ ರಾತ್ರಿಯೂ ಹೊಡೆಯಬಹುದು. ಖಾಸಗಿ ಜಮೀನಿನಲ್ಲಿ 2019ರಿಂದ ಬೇಟೆಯ ಲೈಸೆನ್ಸೂ ಬೇಕಿಲ್ಲ. ಜಿಂಕೆಗೆ ಈ ಸಲಿಗೆ ಇಲ್ಲ, ಸೂರ್ಯ ಮುಳುಗಿ ಅರ್ಧ ಗಂಟೆಗೆ ಬಂದ್.

ನಮ್ಮೂರಿನ ಕಾಡುಹಂದಿಯ ಕಥೆಯೇ ಬೇರೆ. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ತೋಟ ಹಾಳಾಗಿದ್ದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ಸುಮ್ನೆ ಗುಂಡು ಹಾರಿಸಿ ವಿಡಿಯೊ ಬೇರೆ ಮಾಡಿಟ್ಟರೆ, ನಿಮ್ಮ ಮೇಲಿನ ಕೇಸಿಗೆ ಸಾಕ್ಷಿ ನೀವೇ ಒದಗಿಸಿದ ಹಾಗೆ, ಅಲ್ವಾ?