ಪ್ರತಿ: ಎರಡನೇ ಬ್ಯಾಕಪ್ ಹಾಕಿದರೆ ಟೇಪಿನಲ್ಲಿದ್ದ ಮೊದಲನೆಯದು ಮಾಯ

ಟೇಪ್ ಹಾಳಾಗಿಲ್ಲ ಮಾರಾಯ್ರೆ. ಸೋಮವಾರದ ಬ್ಯಾಕಪ್ ಮೇಲೆಯೇ ಮಂಗಳವಾರದ್ದು ಕೂರುತ್ತದೆ ಅಂತ ಕೇಳಿದ್ದೀರಲ್ಲ, ನೀವು ಬ್ಯಾಕಪ್ ಬರೆಯುವ ‘ಟಾರ್’ ಕಮಾಂಡಿಗೆ ಕೊಟ್ಟ ಟೇಪ್ ಡ್ರೈವಿನ ಹೆಸರಲ್ಲೇ ಉಂಟು ಎಡವಟ್ಟು. ಲಿನಕ್ಸ್‌ನಲ್ಲಿ ಒಂದೇ ಡ್ರೈವಿಗೆ ಎರಡು ಹೆಸರು. ‘ಎಸ್‌ಟಿ0’ ಕೊಟ್ಟರೆ ಕೆಲಸ ಮುಗಿದ ಕೂಡಲೇ ಟೇಪ್ ತಾನಾಗಿ ರಿವೈಂಡ್ ಆಗುತ್ತದೆ, ಮುಂದಿನ ಟಾರ್ ಪುನಃ ಶುರುವಿನಿಂದಲೇ ಬರೆಯುತ್ತದೆ. ‘ಎನ್‌ಎಸ್‌ಟಿ0’ ಕೊಡಿ, ಮುಗಿಸಿದಲ್ಲೇ ನಿಲ್ಲುತ್ತದೆ.

ಆದರೂ ಅದನ್ನೊಂದೇ ನಂಬಿ ಕೂರಬೇಡಿ. ನಡುವೆ ಯಾರಾದರೂ ಟೇಪ್ ತೆಗೆದು ಹಾಕಿದರೆ ಮತ್ತೆ ಮೊದಲಿಗೇ ಬಂದಿರುತ್ತದೆ. ಬರೆಯುವ ಮೊದಲು, ಟೇಪನ್ನು ಹಿಂದೆ ಮುಂದೆ ಓಡಿಸುವ ‘ಎಂಟಿ’ ಕಮಾಂಡಿಗೆ ಅದೇ ‘ಎನ್‌ಎಸ್‌ಟಿ0’ ಹೆಸರು ಕೊಟ್ಟು ‘ಇಒಡಿ’ ಓಡಿಸಿ, ಡೇಟಾ ಮುಗಿದ ಜಾಗಕ್ಕೆ ಹೋಗುತ್ತದೆ. ಆಮೇಲೆ ಎಂಟಿಗೇ ‘ಸ್ಟೇಟಸ್’ ಕೊಟ್ಟು ಫೈಲ್ ನಂಬರ್ ನೋಡಿ, ಟೇಪಿನಲ್ಲಿ ಒಂದೊಂದು ಬ್ಯಾಕಪ್ಪೂ ಒಂದೊಂದು ಫೈಲ್. ಟೇಪ್ ಖಾಲಿ ಇಲ್ಲದೆಯೂ ಅಲ್ಲಿ 0 ಕಂಡರೆ ಟೇಪ್ ಶುರುವಿನಲ್ಲೇ ಉಂಟು ಅಂತ ಅರ್ಥ, ಟಾರ್ ಕಮಾಂಡಿಗೆ ಎಂಟರ್ ಒತ್ತಲೇಬೇಡಿ. ಎಣಿಕೆ 0ಯಿಂದ ಶುರು, ಹಾಗಾಗಿ ಎರಡನೇ ಬ್ಯಾಕಪ್ ಓದಲಿಕ್ಕೆ ಮೊದಲು ಎಂಟಿಗೆ ‘ಎಎಸ್‌ಎಫ್ 1’ ಕೊಡಿ, ಆ ನಂಬರಿನ ಫೈಲಿನ ಶುರುವಿಗೆ ಟೇಪ್ ಹೋಗುತ್ತದೆ.

ಸೋಮವಾರದ್ದು ಹೋದದ್ದು ಹೋಯಿತು. ಹೊಸ ಡೇಟಾದ ಕೊನೆಗೆ ಡ್ರೈವ್ ಮುಕ್ತಾಯದ ಗುರುತು ಹಾಕಿಬಿಡುತ್ತದೆ, ಅದರಾಚೆಗೆ ಮಾಮೂಲಿ ಕಮಾಂಡ್‌ಗಳು ಓದುವುದಿಲ್ಲ.

ಇನ್ನೊಂದು, ನೀವು ಉಡುಪಿಯವರು ಅಂದಿರಿ. ಮಳೆಗಾಲದಲ್ಲಿ ಎಸಿ ರೂಮಿನ ಟೇಪನ್ನು ಹೊರಗೆ ತಂದ ಕೂಡಲೇ ಇನ್ನೊಂದು ಡ್ರೈವಿಗೆ ತುರುಕಬೇಡಿ, ತೇವ ಕೂತಿರಬಹುದು. ಡಬ್ಬಿಯಲ್ಲೇ ಸ್ವಲ್ಪ ಹೊತ್ತು ಇಡಿ.